ಹುಣಸೇಪಲ್ಲಿಯ ಮದುವೆ ಸಕ್ಕರೆ

ಒಂದು ಬುಟ್ಟಿ ರಸಪೂರಿ ಹಣ್ಣು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅನ್ನುವುದನ್ನು ಬೇರೆ ಯಾರನ್ನೂ ಕೇಳಬೇಕಾಗಿಲ್ಲ, ರೇಷನ್ ಗುಮಾಸ್ತೆ ಕದಿರೇಶನನ್ನು ಕೇಳಿದರೆ ಸಾಕು.

ಅದು ಯುದ್ಧದ ಕಾಲ. ಎಲ್ಲೋ ಬರ್ಮಾ ಕಡೆ ಬಾಂಬು ಬಿದ್ದರೆ ಇಲ್ಲಿ ಮುಳಬಾಗಿಲು ಸೀಮೆಯ ಅಂಗಡಿಗಳಲ್ಲಿ ಸಕ್ಕರೆ ಮಾಯವಾಗುತ್ತಿತ್ತು. ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಉಡುವ ಪಂಚೆಗೂ ಚೀಟಿ. ಉಸಿರಾಡುವುದಕ್ಕೆ ಒಂದು ಚೀಟಿ ಬೇಡ ಅಂತ ಬಿಟ್ಟಿದ್ದರು, ಅಷ್ಟೆ. ಆದರೂ ಸರ್ಕಾರಕ್ಕೆ ಕರುಳಿತ್ತು. ಮದುವೆ ಮನೆಯವರು ಅರ್ಜಿ ಹಾಕಿಕೊಂಡರೆ ಹತ್ತು ಸೇರು ಸಕ್ಕರೆ ಹೆಚ್ಚಿಗೆ ಕೊಡುತ್ತಿತ್ತು. ಕೊಡುತ್ತದೆ ಅಂತ ತಿಳಿದದ್ದೇ ತಡ, ಮಳೆ ಬಿದ್ದ ಮೇಲಿನ ಅಣಬೆಯ ಹಾಗೆ ಮದುವೆಗಳು ಎದ್ದವು. ತೊಟ್ಟಿಲಲ್ಲಿದ್ದ ಕೂಸುಗಳಿಗೂ ಲಗ್ನ ಇಟ್ಟವರಿದ್ದರು. ಅದಕ್ಕೇ ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಒಂದು ಕಟ್ಟು ಮಾಡಿದರು: ಗುಮಾಸ್ತೆ ಊರಿಗೆ ಹೋಗಿ, ಗಂಡು ಹೆಣ್ಣನ್ನು ಕಣ್ಣಾರೆ ನೋಡಿ, ವಯಸ್ಸು ಮೈಕಟ್ಟು ಬರೆದು ಸಹಿ ಹಾಕಿದರೆ ಮಾತ್ರ ಸಕ್ಕರೆ.

ಆ ಗುಮಾಸ್ತೆಯೇ ಕದಿರೇಶ. ಎರಡು ವರ್ಷದಿಂದ ಅವನದು ಹಂಗಾಮಿ ಕೆಲಸ. ಊರೂರಿನ ಮದುವೆಗೆ ಸಹಿ ಹಾಕುತ್ತಿದ್ದವನಿಗೆ ಸ್ವಂತ ಮದುವೆ ಆಗಿರಲಿಲ್ಲ. "ಕೆಲಸ ಖಾಯಂ ಆಗಲಿ ಕಣಪ್ಪ, ಮಾರನೇ ದಿನವೇ ಹೆಣ್ಣು ಕೊಡ್ತೀನಿ" ಎಂದು ಶ್ರೀನಿವಾಸಪುರದ ಸೋದರಮಾವ ಹೇಳಿಬಿಟ್ಟಿದ್ದ. ಖಾಯಂ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಕದಿರೇಶನ ಕಣ್ಣ ಮುಂದೆ ಮಾವನ ಮಗಳೇ ಬಂದು ನಿಲ್ಲುತ್ತಿದ್ದಳು.

ಹಿಂದಿನ ವಾರ ಹುಣಸೇಪಲ್ಲಿಯ ಪಟೇಲ ದೊಡ್ಡವೆಂಕಟಪ್ಪ ಅರ್ಜಿ ಹಿಡಿದು ಬಂದಿದ್ದ. ಹುಣಸೇಪಲ್ಲಿ ಅಂದರೆ ನಂಗಲಿ ಬಸ್ಸು ಹತ್ತಿ, ಬೈರಕೂರಿನ ದಾರಿಯಲ್ಲಿ ಇಳಿದು, ಅಲ್ಲಿಂದ ಮೂರು ಮೈಲಿ ನಡೆಯಬೇಕು. ಆ ದಿನ ಉರಿಬಿಸಿಲು. ಕದಿರೇಶನ ಮೆಟ್ಟಿನ ಉಂಗುಟ ಬೇರೆ ಕಿತ್ತುಹೋಗಿತ್ತು. ಪಟೇಲನ ಕಂಕುಳಲ್ಲಿ ಹಣ್ಣಿನ ಬುಟ್ಟಿ ಘಮ್ಮೆನ್ನುತ್ತಿತ್ತು.

"ನಾನು ಬಂದು ನೋಡ್ಬೇಕಲ್ಲ ಪಟೇಲ್ರೆ" ಎಂದ ಕದಿರೇಶ, ಕಣ್ಣನ್ನು ಬುಟ್ಟಿಯ ಮೇಲೆ ಇಟ್ಟುಕೊಂಡೇ.

"ಬನ್ನಿ ಸಾಮಿ, ಬ್ಯಾಡ ಅಂದೋರು ಯಾರು? ಆದ್ರೆ ಈ ಬಿಸಿಲಾಗೆ ನಿಮ್ಮಂಥ ಎಳೇ ಜೀವ..."

"ಗಂಡು ಹೆಣ್ಣು ಹೆಂಗವ್ರೆ?"

"ಹಸುರಾಗಿ, ನೆಟ್ಟಗೆ, ಚೆನ್ನಾಗವ್ರೆ ಸಾಮಿ. ಊರಿಗೆಲ್ಲ ಕಣ್ಣಿಗೆ ಹಬ್ಬ."

"ಹೆಸರು, ವಯಸ್ಸು?"

"ಅದ್ನ ನೀವೇ ಏನಾರ ಒಂದು ಹಾಕ್ಕಳಿ. ನಿಮಗೆ ತಿಳೀದೇ ಇರೋದು ಏನೈತೆ?"

ಕದಿರೇಶ ಒಂದು ಕೈಯಲ್ಲಿ ಹಣ್ಣು ಹಿಂಡುತ್ತ ಇನ್ನೊಂದು ಕೈಯಲ್ಲಿ ಬರೆದ: ವರ ಚನ್ನರಾಯಪ್ಪ, ಇಪ್ಪತ್ತನಾಲ್ಕು ವರ್ಷ, ದೃಢಕಾಯ. ವಧು ಭಾರತಮ್ಮ, ಹದಿನೆಂಟು ವರ್ಷ, ಮನೆಗೆಲಸದಲ್ಲಿ ಚುರುಕು. ಇಬ್ಬರನ್ನೂ ಖುದ್ದಾಗಿ ಕಂಡು ಮಾತನಾಡಿಸಿದೆ. ಸಹಿಯ ಪಕ್ಕದಲ್ಲಿ ಮಾವಿನ ರಸದ ಒಂದು ತೊಟ್ಟೂ ಬಿತ್ತು.

ಮದುವೆಯ ದಿನ ಬೆಳಿಗ್ಗೆ ಅವನು ಕಚೇರಿಗೆ ಕಾಲಿಡುತ್ತಿದ್ದಂತೆ ಹೆಡ್ ಗುಮಾಸ್ತೆ ಸುಬ್ಬರಾಯಪ್ಪನವರು ಎಲೆಅಡಿಕೆ ತುಂಬಿದ ಬಾಯನ್ನು ಮೇಲಕ್ಕೆತ್ತಿ, "ಇನ್ನೂ ಇಲ್ಲೇ ಇದೀಯೇನಯ್ಯ?" ಎಂದರು.

"ಎಲ್ಲಿಗೆ ಹೋಗ್ಬೇಕಿತ್ತು ಸಾರ್?"

"ಅಮಲ್ದಾರ್ರು ಹುಣಸೇಪಲ್ಲಿ ಮದುವೆಗೆ ಹೊರಟ್ರು. ಅಮ್ಮಾವ್ರೂ ಜೊತೇಲಿ ಹೋದ್ರು. ನಿನ್ನ ಫೈಲೂ ಹೋಯ್ತು."

"ನನ್ನ ಫೈಲ್ ಯಾಕೆ?"

"ನಿನ್ನ ಖಾಯಂ ಹುಕುಂ ಬಂದೈತಲ್ಲಪ್ಪ! ನೀನು ಬರೆದಿದ್ದು ನಿಜವಾಗಿದ್ರೆ ಅಲ್ಲಿಂದ ಬಂದು ಕೈಗೆ ಕೊಡ್ತೀನಿ ಅಂದ್ರು. ಸ್ವೀಟು ಗೀಟು ಏನಾರ ತರ್ಸು. ಓ, ಸಕ್ಕರೆ ಇಲ್ಲ ಅಲ್ವಾ? ಬೆಲ್ಲದ್ದೇ ತರ್ಸು."

ಕದಿರೇಶನಿಗೆ ಕುಣಿಯುವ ಹಾಗಾಯಿತು. "ಚನ್ನರಾಯಪ್ಪನ ಮದುವೆ ನನ್ನ ಪಾಲಿಗೆ ಕೂಡಿ ಬಂತು ಸಾರ್" ಎಂದ. ಅಷ್ಟರಲ್ಲಿ ನೀರಿನ ಹೂಜಿ ತುಂಬಿಸುತ್ತಿದ್ದ ಜವಾನ ಮುನಿಶಾಮಿ ತಲೆ ಕೆರೆದುಕೊಂಡ. ಅವನದು ಹುಣಸೇಪಲ್ಲಿಯ ಪಕ್ಕದ ಊರು.

"ಯಾವ ಚನ್ನರಾಯಪ್ಪ ಸಾಮಿ? ಹುಣಸೇಪಲ್ಲೀಲಿ ಇವತ್ತು ಮನುಷ್ಯರ ಮದುವೆ ಯಾವ್ದೂ ಇಲ್ವಲ್ಲ! ಕಟ್ಟೆ ಮೇಲಿನ ಅರಳಿಗೂ ಬೇವಿಗೂ ಮದುವೆ."

ಕದಿರೇಶನ ಕುಣಿತ ಕಾಲಿನಲ್ಲೇ ನಿಂತಿತು. ಒಂದೇ ಕಟ್ಟೆಯಲ್ಲಿ ಅರಳಿ ಬೇವು ನೆಟ್ಟು ಬೆಳೆಸಿ, ಆಳೆತ್ತರ ಆದ ಮೇಲೆ ಅವಕ್ಕೆ ತಾಳಿ ಕಟ್ಟಿಸಿ ಊರಿಗೆ ಊಟ ಹಾಕುವುದು ಆ ಸೀಮೆಯಲ್ಲಿ ಇರುವುದೇ. ಹಾಗೆ ಮದುವೆಯಾದ ಮರಗಳನ್ನೇ ಹೆಂಗಸರು ಸುತ್ತುವುದು. ಇದೆಲ್ಲ ಅವನಿಗೆ ಗೊತ್ತಿತ್ತು. ಬೇವಿನ ಮರದೊಂದಿಗೆ ತಾನು ಖುದ್ದಾಗಿ ಮಾತನಾಡಿದ್ದು ಮಾತ್ರ ಗೊತ್ತಿರಲಿಲ್ಲ.

"ಹದಿನೆಂಟು ವರ್ಷ, ಮನೆಗೆಲಸದಲ್ಲಿ ಚುರುಕು" ಎಂದು ಒಂದು ಸಲ ಗೊಣಗಿ, ಬಸ್ಸಿನ ಕಡೆಗೆ ಓಟ ಕಿತ್ತ.

"ಹೆದರ್ಬೇಡಿ ಸಾಮಿ, ಅಮಲ್ದಾರ್ರು ದಾರೀಲಿ ರೈತ್ರು ಸರ್ಕಾರಕ್ಕೆ ಅಳೆಯೋ ಲೆವಿ ರಾಗಿ ನೋಡ್ಕೊಂಡು ಹೋಗ್ತಾರೆ, ಮಧ್ಯಾಹ್ನ ಆಗ್ತದೆ" ಎಂದು ಮುನಿಶಾಮಿ ಹಿಂದಿನಿಂದ ಕೂಗಿದ.

ಪೆಟ್ರೋಲಿಗೂ ಚೀಟಿ ಇದ್ದ ಕಾಲ. ಬಸ್ಸು ಓಡುತ್ತಿದ್ದುದು ಇದ್ದಿಲಿನ ಹೊಗೆಯಲ್ಲಿ. ಬೆನ್ನಿಗೆ ಒಲೆ ಕಟ್ಟಿಕೊಂಡ ಮುದುಕಿಯ ಹಾಗೆ ಕೆಮ್ಮುತ್ತ ಹೋಗಿ, ಏರು ಬಂದಲ್ಲೆಲ್ಲ ಕೂತುಬಿಡುತ್ತಿತ್ತು. ಹತ್ತಿದವರೆಲ್ಲ ಇಳಿದು ತಳ್ಳಬೇಕು. ಕಂಡಕ್ಟರು ಕದಿರೇಶನನ್ನೇ ಒಲೆಯ ಹತ್ತಿರ ನಿಲ್ಲಿಸಿ, "ಸರ್ಕಾರಿ ನೌಕರ್ರು ಮುಂದಾಳಾಗಿರ್ಬೇಕು, ತಿರುಗಿಸಿ ಸಾಮಿ" ಎಂದು ಬೀಸಣಿಗೆಯ ಹಿಡಿ ಕೈಗೆ ಕೊಟ್ಟ. ಮೂರು ಏರು ಮುಗಿಯುವ ಹೊತ್ತಿಗೆ ಕದಿರೇಶನ ಮುಖದಲ್ಲಿ ಹಲ್ಲೊಂದು ಬಿಟ್ಟು ಬೇರೇನೂ ಬೆಳ್ಳಗೆ ಉಳಿದಿರಲಿಲ್ಲ.

ಮೂರು ಮೈಲಿ ಓಡಿ ಊರು ಸೇರಿದಾಗ ಕಟ್ಟೆಯ ಮುಂದೆ ಚಪ್ಪರ ಎದ್ದಿತ್ತು. ಅರಳಿಗೆ ಜರಿ ಪಂಚೆ, ಬೇವಿಗೆ ಹಸಿರು ಸೀರೆ. ಎರಡಕ್ಕೂ ಅರಿಶಿನ ಬಳಿದಿದ್ದರು. ದೊಡ್ಡ ಹಂಡೆಯಲ್ಲಿ ಪಾಯಸ ಕುದಿಯುತ್ತಿತ್ತು.

"ಪಟೇಲ್ರೇ, ನನ್ನ ಮನೆ ಹಾಳು ಮಾಡಿದ್ರಲ್ರೀ!" ಎಂದು ಕದಿರೇಶ ಅರಚಿದ.

ದೊಡ್ಡವೆಂಕಟಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಯಾರಪ್ಪ ನೀನು? ಇದ್ದಿಲು ಮಾರೋನಾ?"

"ನಾನು ಕದಿರೇಶ! ಮರಗಳು ಅಂತ ನೀವು ಹೇಳಲೇ ಇಲ್ವಲ್ಲ!"

"ನೀವು ಕೇಳ್ಳೇ ಇಲ್ವಲ್ಲ ಸಾಮಿ. ಹಸುರಾಗವ್ರೆ ಅಂದೆ, ನೆಟ್ಟಗವ್ರೆ ಅಂದೆ. ಇನ್ನೇನು ಹೇಳ್ಬೇಕಿತ್ತು, ಬೇರೂ ಐತೆ ಅಂತಾನಾ?"

ಅಮಲ್ದಾರರು ಬರುತ್ತಿರುವ ಸುದ್ದಿ, ಸುಳ್ಳು ವರದಿಯ ಸುದ್ದಿ, ಸಕ್ಕರೆ ವಾಪಸು ಕೇಳಿದರೆ ಏನು ಗತಿ ಅನ್ನುವ ಸುದ್ದಿ, ಎಲ್ಲವನ್ನೂ ಕದಿರೇಶ ಒಂದೇ ಉಸಿರಿನಲ್ಲಿ ಹೇಳಿದ. ಕೊನೆಯ ಸುದ್ದಿ ಕೇಳಿ ಊರಿಗೆ ಊರೇ ಹಂಡೆಯ ಕಡೆ ನೋಡಿತು.

"ಸಕ್ಕರೆ ಆಗ್ಲೇ ಪಾಯಸ ಆಗೈತೆ. ವಾಪಸ್ ಕೊಡೋದಾದ್ರೆ ಸೌಟಿನಾಗೇ ಕೊಡ್ಬೇಕು" ಎಂದಳು ಅಡುಗೆಗೆ ನಿಂತಿದ್ದ ಶಾಮಲಮ್ಮ.

"ಅದಕ್ಕೇ ಒಂದು ಗಂಡು ಒಂದು ಹೆಣ್ಣು ತಂದು ಹಸೆ ಮೇಲೆ ಕೂರ್ಸಿ. ಅಮಲ್ದಾರ್ರು ಅಕ್ಷತೆ ಹಾಕಿ ಹೋಗೋ ಗಂಟ ಸಾಕು. ನಿಮ್ಮ ಕಾಲಿಗೆ ಬೀಳ್ತೀನಿ."

ಗಂಡು ಎಲ್ಲಿಂದ ತರುವುದು? ಊರಿನ ಹುಡುಗರಲ್ಲಿ ಅರ್ಧ ಪಟಾಲಮ್ಮಿಗೆ ಸೇರಿದ್ದರು, ಇನ್ನರ್ಧ ಚಿನ್ನದ ಗಣಿಗೆ ಇಳಿದಿದ್ದರು. ಹೆಣ್ಣುಗಳಿದ್ದವು. ಕೇಳಿದ್ದಕ್ಕೆ ಶಾಮಲಮ್ಮ ಸೌಟು ಎತ್ತಿಕೊಂಡು ಬಂದಳು.

"ಸುಳ್ಳು ಹಸೆ ಮೇಲೆ ಕೂತ ನನ್ನ ಮಗಳನ್ನ ನಾಳೆ ಯಾವನು ಕಟ್ಕೋತಾನೆ? ನೀನು ಕಟ್ಕೋತೀಯಾ?"

"ನಾನು ಇನ್ನೂ ಹಂಗಾಮಿ ತಾಯಿ" ಎಂದ ಕದಿರೇಶ.

ಆಗ ಕಟ್ಟೆಯ ಮೂಲೆಯಿಂದ ಒಂದು ಕೆಮ್ಮು ಬಂತು. ಅದರ ಹಿಂದೆ ಮುದುಕ ಪೆದ್ದಪ್ಪ ಬಂದ. ವಯಸ್ಸು ಎಪ್ಪತ್ತರ ಮೇಲೆ. ಬಾಯಲ್ಲಿದ್ದುದು ಮೂರೇ ಹಲ್ಲು, ಅವೂ ಒಂದಕ್ಕೊಂದು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

"ನಾನು ಕೂತ್ಕೋತೀನಿ. ಎರಡು ಚೊಂಬು ಪಾಯಸ ಕೊಡ್ಬೇಕು."

"ಹೆಣ್ಣು?"

"ಮನೇಲಿ ಒಬ್ಳು ಬಿದ್ದವ್ಳಲ್ಲ. ಅವಳನ್ನೇ ಕೂರ್ಸಿ. ನಾನು ಮಾತ್ರ ಕರಿಯಾಕಿಲ್ಲ."

ಕರೆಯದೇ ಇರಲು ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಪೆದ್ದಪ್ಪ ಹೆಂಡತಿ ಆಂಜಿನಮ್ಮನ ಬಸ್ಸಾರು ತಿಂದು, "ನಮ್ಮಕ್ಕನ ಕೈದು ಹಿಂಗಿರಾಕಿಲ್ಲ" ಅಂದಿದ್ದ. ಆವತ್ತು ಮುಚ್ಚಿದ ಬಾಯನ್ನು ಆಂಜಿನಮ್ಮ ಗಂಡನ ಮುಂದೆ ಮತ್ತೆ ತೆರೆದಿರಲಿಲ್ಲ. ಏನೇ ಹೇಳಬೇಕಾದರೂ ಹಸುವಿಗೆ ಹೇಳುತ್ತಿದ್ದಳು, ಪೆದ್ದಪ್ಪ ಕೇಳಿಸಿಕೊಳ್ಳುತ್ತಿದ್ದ. ಪಾಯಸದ ಹೆಸರು ಹೇಳಿದ ಮೇಲೆ ಅವಳೂ ಒಪ್ಪಿದಳು, "ಮೂರು ಚೊಂಬು" ಎಂದು.

ಪೂಜಾರಿ ಆವಲಪ್ಪ ಇಬ್ಬರಿಗೂ ಬಾಸಿಂಗ ಕಟ್ಟಿ, ಮುಖದ ಮುಂದೆ ಎದೆಯುದ್ದ ಹೂವಿನ ಸರ ಇಳಿಬಿಟ್ಟ. ಹೂವಿನ ಹಿಂದೆ ಇಪ್ಪತ್ತನಾಲ್ಕೂ ಒಂದೇ, ಎಪ್ಪತ್ತನಾಲ್ಕೂ ಒಂದೇ. ಆದರೆ ನಿಜವಾದ ಮದುಮಕ್ಕಳು ಕಟ್ಟೆಯ ಮೇಲೆ ಸೀರೆ ಪಂಚೆ ಉಟ್ಟು ನಿಂತಿದ್ದರಲ್ಲ!

"ಕಿತ್ತಾಕಿ, ಎಲ್ಲಾ ಕಿತ್ತಾಕಿ!" ಎಂದು ಕದಿರೇಶ ತಾನೇ ಮೇಲಕ್ಕೆ ನೆಗೆದ. ಸೀರೆ ಬಿಚ್ಚಿದ, ಪಂಚೆ ಬಿಚ್ಚಿದ, ಅರಿಶಿನ ತೊಳೆದ. ಆದರೂ ಮರಗಳು ಮದುವೆ ಕಳೆ ಬಿಟ್ಟುಕೊಡಲಿಲ್ಲ. ಸುತ್ತಲೂ ರಾಗಿ ಹುಲ್ಲು ಎದೆಮಟ್ಟ ಒಟ್ಟಿಸಿದ. ಕೊಟ್ಟಿಗೆಯ ಹಾಗೆ ಕಾಣಲಿ ಎಂದು ಪಟೇಲನ ಹನ್ನೊಂದು ಆಡುಗಳನ್ನು ಹಿಡಿದು ತಂದು ಕಟ್ಟೆಗೇ ಕಟ್ಟಿಸಿದ.

"ಸಾಮಿ, ಆಡು ಅಂದ್ರೆ..." ಎಂದು ಪಟೇಲ ಏನೋ ಹೇಳಲು ಹೋದ.

"ನೀವು ಹೇಳ್ಬೇಕಾದಾಗ ಹೇಳ್ಲಿಲ್ಲ, ಈಗ ಸುಮ್ಕಿರಿ!" ಎಂದ ಕದಿರೇಶ.

ಪಟೇಲ ಕೊನೆಯ ಆಡಿನ ಹಗ್ಗ ಬಿಗಿದ.

ಅಮಲ್ದಾರರ ಜಟಕಾ ಬಂದು ನಿಂತಿತು. ಅವರು ಇಳಿದರು, ಹಿಂದೆ ಅವರ ಹೆಂಡತಿ ಗಂಗರತ್ನಮ್ಮನವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಇಳಿದರು. ಕದಿರೇಶ ಕೈಮುಗಿದು ಓಡಿಬಂದ. ಜಟಕಾದ ಕುದುರೆ ಅವನ ಮುಖ ನೋಡಿ ಬೆಚ್ಚಿತು.

"ಕದಿರೇಶ ಏನಯ್ಯ? ಗಣಿ ಕೆಲಸಕ್ಕೆ ಸೇರಿಕೊಂಡೆಯಾ?"

"ಇಲ್ಲ ಬುದ್ಧಿ. ಮದುವೆ ಓಡಾಟ."

ಅಮಲ್ದಾರರು ಚಪ್ಪರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಫೈಲು ಬಿಚ್ಚಿ, ಕನ್ನಡಕದ ಮೇಲಿಂದ ಹಸೆಯ ಕಡೆ ನೋಡಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ವರ ಚನ್ನರಾಯಪ್ಪ. ಇಪ್ಪತ್ತನಾಲ್ಕು ವರ್ಷ. ಇವನೇ ಏನು?"

"ಇವನೇ ಬುದ್ಧಿ."

ಹೂವಿನ ಹಿಂದಿನಿಂದ ಹಳೇ ಗಾಡಿಯ ಕೀಲಿನಂಥ ಕೆಮ್ಮು ಹೊರಟಿತು.

"ಪ್ರಾಯದ ಹುಡುಗನಿಗೆ ಇದೇನಯ್ಯ ಕೆಮ್ಮು?"

"ಇದ್ದಿಲು ಬಸ್ಸಿನ ಹೊಗೆ ಬುದ್ಧಿ."

"ಕೈ ನಡುಗ್ತಾ ಐತೆ."

"ಹೊಸ ಹೆಣ್ಣು ಪಕ್ಕದಾಗೆ ಕೂತವ್ಳಲ್ಲ ಬುದ್ಧಿ. ನಾಚಿಕೆ."

"ಹೂವಿನ ಸಂದೀಲಿ ಕಾಣೋ ಮೀಸೆ ಬೆಳ್ಳಗೈತೆ."

"ಯುದ್ಧದ ಕಾಲ ಬುದ್ಧಿ. ಜನ ಬೇಗ ಹಣ್ಣಾಗ್ತಾ ಅವ್ರೆ."

ಆ ಹೊತ್ತಿಗೆ ಶಾಮಲಮ್ಮ ಪಾಯಸದ ಚೊಂಬು ತಂದು ಹಸೆಯ ಮುಂದೆ ಇಟ್ಟಳು. ಪೆದ್ದಪ್ಪ ಹೂವು ಸರಿಸಿ ಚೊಂಬಿಗೆ ಕೈ ಹಾಕಿದ. ಆಂಜಿನಮ್ಮ ಆ ಕೈಗೆ ಫಟ್ಟನೆ ಒಂದು ಬಿಟ್ಟಳು.

"ಮುಟ್ಟು ನೋಡ್ತೀನಿ! ನಿಮ್ಮಕ್ಕನ ಕೈದು ತಿನ್ನೋಗು!"

ಊರೇ ದಂಗಾಯಿತು. ಹನ್ನೆರಡು ವರ್ಷದ ಮೇಲೆ ಆಂಜಿನಮ್ಮ ಗಂಡನೊಂದಿಗೆ ಮಾತಾಡಿದ್ದಳು. ಪೆದ್ದಪ್ಪ ಬಾಸಿಂಗ ಕಿತ್ತೆಸೆದು ಎದ್ದು ನಿಂತ.

"ಬಾಯಿ ಬಂತಲ್ಲೇ ನಿಂಗೆ! ಐವತ್ತೈದು ವರ್ಷದ ಹಿಂದೆ ಇದೇ ಹಸೆ ಮೇಲೆ ನೀನು ಹಿಂಗೇ ಹೊಡೆದಿದ್ದೆ, ನನಗೆ ನೆನಪೈತೆ!"

"ಆವತ್ತು ಮೆತ್ತಗೆ ಹೊಡ್ದೆ, ಅದೇ ತಪ್ಪಾಯ್ತು ದೇವುಡಾ!"

"ವಧು ಭಾರತಮ್ಮ. ಹದಿನೆಂಟು ವರ್ಷ" ಎಂದು ಅಮಲ್ದಾರರು ನಿಧಾನವಾಗಿ ಓದಿದರು. "ಚುರುಕು ಅಂತ ಬರೆದಿರೋದು ಮಾತ್ರ ಸುಳ್ಳಲ್ಲ."

ಕದಿರೇಶ ಅವರ ಕಾಲಿಗೆ ಬೀಳಲು ಬಗ್ಗುವಷ್ಟರಲ್ಲಿ ಗಂಗರತ್ನಮ್ಮನವರು ತಟ್ಟೆ ಹಿಡಿದು ಮುಂದೆ ಬಂದರು.

"ಅಲ್ರೀ ಪಟೇಲ್ರೆ, ಈ ಅಜ್ಜ ಅಜ್ಜಿ ಆಟ ಆಮೇಲೆ ನೋಡೋಣ. ನನ್ನ ಮದುಮಕ್ಕಳು ಎಲ್ಲಿ? ಅರಳಿ ಬೇವು ಎಲ್ಲಿ?"

ಪಟೇಲ ಪೂಜಾರಿಯ ಹಿಂದೆ ಸರಿದ.

"ನನ್ನ ಮಗಳಿಗೆ ಮೈ ಹುಷಾರಿಲ್ಲದಾಗ ಈ ದಾರೀಲಿ ಹೋಗ್ತಾ ಕೈಮುಗಿದು ಹರಸ್ಕೊಂಡಿದ್ದೆ ಕಣ್ರೀ. ಈ ಮರಗಳ ಮದುವೆ ದಿನ ಬೇವಮ್ಮನಿಗೆ ನಾನೇ ಬಂದು ಸೀರೆ ಉಡಿಸ್ತೀನಿ ಅಂತ. ಕಾಂಜೀವರಂ ತಂದಿದೀನಿ. ಎಲ್ಲಿ?"

ಉತ್ತರ ಕಟ್ಟೆಯ ಕಡೆಯಿಂದ ಬಂತು. ಮ್ಯಾ ಎಂದು.

ಎಲ್ಲರೂ ಅತ್ತ ತಿರುಗಿದರು. ಹನ್ನೊಂದು ಆಡುಗಳೂ ಎದೆಮಟ್ಟದ ಹುಲ್ಲಿನ ಮೇಲೆ ಹತ್ತಿ ನಿಂತಿದ್ದವು. ಹುಲ್ಲನ್ನು ಒಂದೂ ಮುಟ್ಟಿರಲಿಲ್ಲ. ವರನ ಎಲೆ ಮುಗಿದಿತ್ತು. ವಧುವಿನ ತುದಿಯಲ್ಲಿ ಒಂದೇ ಒಂದು ಎಸಳು ಉಳಿದಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆ ಒಂದು ಗಡ್ಡದ ಹೋತ ಕತ್ತು ಚಾಚಿ ಅದನ್ನೂ ಕಿತ್ತು, ಗಂಗರತ್ನಮ್ಮನವರ ಮುಖವನ್ನೇ ನೋಡುತ್ತ ಮೆಲುಕಾಡಿತು.

"ಅದನ್ನೇ ಸಾಮಿ ನಾನು ಹೇಳಾಕ್ ಬಂದಿದ್ದು" ಎಂದ ಪಟೇಲ.

"ಎಲೆಯಿಲ್ಲದ ಹೆಣ್ಣಿಗೆ ತಾಳಿ ಕಟ್ಟೋ ಹಂಗಿಲ್ಲ. ಚಿಗುರಿದ ಮೇಲೆ ಮುಹೂರ್ತ ನೋಡ್ಬೇಕು" ಎಂದು ಪೂಜಾರಿ ಆವಲಪ್ಪ ಕೈಚೆಲ್ಲಿದ.

ಅಮಲ್ದಾರರು ಫೈಲು ಮುಚ್ಚಿ ಕದಿರೇಶನನ್ನು ಹತ್ತಿರ ಕರೆದರು.

"ಮರದ ಮದುವೆ ಅಂತ ನನಗೆ ತಿಂಗಳಿಂದ ಗೊತ್ತು ಕಣಯ್ಯ, ನಮ್ಮ ಮನೇಲಿ ಬೇರೆ ಮಾತೇ ಇರಲಿಲ್ಲ. ಮರದ ಮದುವೆಗೂ ಊರಿಗೆಲ್ಲ ಊಟ ಹಾಕ್ತಾರೆ, ಸಕ್ಕರೆ ಕೊಡಬಹುದಾ ಅಂತ ಮೇಲಕ್ಕೆ ಬರೆದೆ. ಕೊಡಬಹುದು ಅಂತ ಹುಕುಂ ಬಂತು. ನೀನು ಒಂದು ಸಲ ಬಂದು ನೋಡಿ, 'ವಧೂವರರು ಮರಗಳು' ಅಂತ ಎರಡು ಮಾತು ಬರೆದಿದ್ರೆ ಸಾಕಿತ್ತು. ಜಟಕಾದಲ್ಲಿ ಫೈಲ್ ಬಿಚ್ಚಿ ನೋಡ್ತೀನಿ, ಬೇವಿನ ಮರ ಮನೆಗೆಲಸದಲ್ಲಿ ಚುರುಕು!"

ಅವರು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದರು. ಕದಿರೇಶನಿಗೆ ಅದರ ಮೇಲಿನ ತನ್ನ ಹೆಸರು ಕಂಡಿತು, ಕೆಳಗಿನ ಮೊಹರೂ ಕಂಡಿತು. ಆಮೇಲೆ ಕಾಗದ ಮತ್ತೆ ಜೇಬಿಗೆ ಹೋಗುವುದೂ ಕಂಡಿತು.

"ಇನ್ನೊಂದು ಅವಕಾಶ ಕೊಡ್ತೀನಿ. ಮುಂದೆ ಬರೋ ಮದುವೆ ಅರ್ಜಿಗೆ ನೀನೇ ಹೋಗು. ಹತ್ತಿರ ನಿಂತು, ಮುಟ್ಟಿ ನೋಡಿ, ಇದ್ದದ್ದು ಇದ್ದ ಹಾಗೆ ಬರಿ. ಆಮೇಲೆ ಖಾಯಮ್ಮಿನ ಮಾತು."

ಜಟಕಾ ಹೋಯಿತು. ಊರವರು ಪಾಯಸಕ್ಕೆ ಕೂತರು. ಪೆದ್ದಪ್ಪ ಆಂಜಿನಮ್ಮ ಹನ್ನೆರಡು ವರ್ಷದ ಬಾಕಿ ಜಗಳವನ್ನು ಮೊದಲಿನಿಂದ ಶುರು ಮಾಡಿದ್ದರು. ಹಸುವಿಗೆ ಮಾತ್ರ ಇನ್ನು ಮೇಲೆ ವಿಶ್ರಾಂತಿ. ಕದಿರೇಶ ಮುಖ ತೊಳೆದುಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ಊಟಕ್ಕೆ ಬಂದಿದ್ದ ನಂಗಲಿ ಕಡೆಯ ರೈತನೊಬ್ಬ, ಮುನಿರಾಮಪ್ಪ ಅಂತ, ಹತ್ತಿರ ಬಂದು ಕೈಮುಗಿದ.

"ಸಾಮಿ, ಸಕ್ಕರೆ ಬರೆಯೋರು ನೀವೇ ಅಂತೆ. ಬರೋ ವಾರ ನಮ್ಮೂರಾಗೂ ಒಂದು ಮದುವೆ ಇಟ್ಕೊಂಡಿದೀವಿ."

ಕದಿರೇಶ ಚಿಗುರಿದ. ಆದರೂ ಈಗ ಅವನು ಬುದ್ಧಿ ಕಲಿತವನು. "ಮೊದ್ಲು ಹೇಳಿ. ಮನುಷ್ಯರೋ, ಮರಗಳೋ?"

"ಎರಡೂ ಅಲ್ಲ ಸಾಮಿ. ಮಳೆ ಬಂದಿಲ್ಲ ನೋಡಿ, ಅದಕ್ಕೆ ಮಾಡ್ತಿರೋದು. ಸಂತೆಯಿಂದ ತಂದಿದೀವಿ. ಹೆಣ್ಣು ಬಲೇ ಸಾಧು. ಗಂಡು ಒಂಚೂರು ಮುಂಗೋಪಿ."

"ಏನಾದ್ರೂ ಇರ್ಲಿ. ನಾಳೆ ನಾನೇ ಬಂದು, ಮುಟ್ಟಿ ನೋಡಿ, ನಿಜ ಬರೀತೀನಿ."

"ನೋಡಿ ಸಾಮಿ, ಚೆನ್ನಾಗಿ ನೋಡಿ. ಹಿಂದುಗಡೆ ಮಾತ್ರ ನಿಂತ್ಕೋಬೇಡಿ."

ಮೂರನೆಯ ದಿನ ಅಮಲ್ದಾರರ ಮೇಜಿಗೆ ಕದಿರೇಶನ ವರದಿ ಬಂತು. ಅಕ್ಷರಗಳೆಲ್ಲ ಓರೆಯಾಗಿದ್ದವು, ಬೋರಲು ಮಲಗಿ ಬರೆದ ಹಾಗೆ. "ವಧೂವರರಿಬ್ಬರೂ ಕತ್ತೆಗಳು. ಹಲ್ಲು ಎಣಿಸಿ ವಯಸ್ಸು ಬರೆದಿದ್ದೇನೆ. ಆಮೇಲೆ ವರನ ಮೈಕಟ್ಟು ನೋಡಲು ಸುತ್ತು ಬಂದೆ. ಕೂರಲು ಆಗುತ್ತಿಲ್ಲವಾದ್ದರಿಂದ ಹದಿನೈದು ದಿನ ರಜೆ ದಯಪಾಲಿಸಬೇಕು."

ಅಮಲ್ದಾರರು ವರದಿಯನ್ನು ಎರಡು ಸಲ ಓದಿದರು. ಪ್ರತಿ ಅಕ್ಷರವೂ ನಿಜವಾಗಿತ್ತು. ಸಂತೋಷಪಟ್ಟು ಸಕ್ಕರೆಗೆ ಸಹಿ ಹಾಕಿದರು. ಖಾಯಂ ಹುಕುಮನ್ನು ಜೇಬಿನಿಂದ ತೆಗೆದರು, ಕೆಳಗಿನ ಸಾಲಿಗೆ ಕಣ್ಣು ಹೋಯಿತು: ಹುಕುಂ ಕಚೇರಿಗೆ ತಲುಪಿದ ಮೂರು ದಿನದೊಳಗೆ ನೌಕರನು ತನ್ನ ಕುರ್ಚಿಯಲ್ಲಿ ಕುಳಿತು ಕೆಲಸ ವಹಿಸಿಕೊಳ್ಳತಕ್ಕದ್ದು, ತಪ್ಪಿದರೆ ಹುಕುಂ ರದ್ದು.

ಅವರು ನಿಟ್ಟುಸಿರು ಬಿಟ್ಟು, ಲೇಖನಿ ಅದ್ದಿ, ರಜೆ ಅರ್ಜಿಯ ಅಂಚಿನಲ್ಲಿ ಬರೆದರು: "ಹಂಗಾಮಿ ನೌಕರರಿಗೆ ರಜೆ ಇಲ್ಲ. ನಿಂತು ಕೆಲಸ ಮಾಡಲಿ."